ಪರದೆ ಒಂದಾಯಿತು, ಕಾನೂನು ಒಂದಾಗಲಿಲ್ಲ

ಕುಣಿಗಲ್‌ನಂಥ ತಾಲ್ಲೂಕು ಕೇಂದ್ರಗಳಲ್ಲಿ ಈಗ ಕೇಬಲ್‌ನವರು ಇಂಟರ್ನೆಟ್ ಕೊಡುತ್ತಾರೆ, ಮೊಬೈಲ್ ಕಂಪನಿಗಳು ಕ್ರಿಕೆಟ್ ತೋರಿಸುತ್ತವೆ. ಇದೆಲ್ಲ ಸ್ಮಾರ್ಟ್‌ಫೋನಿನ ಮಹಿಮೆ ಎನ್ನುವುದು ವಾಡಿಕೆ. ಆದರೆ ಈ ಮೂರು ಮಾಧ್ಯಮಗಳನ್ನು ಬೆಸೆದದ್ದರಲ್ಲಿ ಉಪಕರಣಕ್ಕಿಂತ ಸರ್ಕಾರದ ಗಡುವು ಮತ್ತು ಕಂಪನಿಗಳ ದರದ ಪಾಲೇ ದೊಡ್ಡದು.

ಮೂರೂ ದೇಶದಲ್ಲಿ ನೆಲೆ ಕಂಡದ್ದು ಹೆಚ್ಚುಕಡಿಮೆ ಒಂದೇ ವರ್ಷ. ಉದಯ ಟಿ.ವಿ. 1994ರಲ್ಲಿ ಶುರುವಾಗಿತ್ತು, ಕೇಬಲ್ ಕಾಯ್ದೆ 1995ರಲ್ಲಿ ಬಂತು. ಅದೇ ವರ್ಷ ಜುಲೈ 31ರಂದು ಮೊದಲ ಮೊಬೈಲ್ ಕರೆ, ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್. ಒಂದೇ ಮನೆಗೆ ಮೂರು ಬಾಗಿಲಿನಿಂದ ಬಂದ ನೆಂಟರಂತೆ ಇವು ಬೇರೆ ಬೇರೆ ನಿಯಮಗಳಡಿ ಬೆಳೆದವು. ಮೂರನ್ನೂ ಒಂದೇ ಆಯೋಗದಡಿ ತರುವ ಮಸೂದೆ 2001ರಲ್ಲಿ ಲೋಕಸಭೆಯಲ್ಲಿ ಮಂಡನೆಯಾಯಿತಾದರೂ ಕಾಯ್ದೆಯಾಗಲಿಲ್ಲ.

ಆ ಮಸೂದೆ ಬಿಟ್ಟ ಕೆಲಸವನ್ನು ಮುಂದೆ ಸರ್ಕಾರದ ಗಡುವು ಮತ್ತು ಮಾರುಕಟ್ಟೆ ಕೈಗೆತ್ತಿಕೊಂಡವು. ಕೇಬಲ್ ಡಿಜಿಟಲ್ ಆಗಲು ಕುಣಿಗಲ್ ಪಟ್ಟಣದಂಥ ಪುರಸಭೆಗಳಿಗೆ 2015ರ ಡಿಸೆಂಬರ್ 31, ಸುತ್ತಲಿನ ಹಳ್ಳಿಗಳಿಗೆ 2016ರ ಅಂತ್ಯ ಗಡುವಾಗಿತ್ತು. ಹಳ್ಳಿಗಳ ಗಡುವು ಆಮೇಲೆ 2017ರ ಮಾರ್ಚ್‌ಗೆ ಹೋಯಿತು. ಡಿಜಿಟಲ್ ಸಂಕೇತ ಕಡಿಮೆ ಜಾಗದಲ್ಲಿ ಹೆಚ್ಚು ಚಾನೆಲ್ ಹಿಡಿಸುವುದರಿಂದ ಅದೇ ತಂತಿಯಲ್ಲಿ ಡೇಟಾಕ್ಕೂ ಎಡೆಯಾಯಿತು. ಈ ಬದಲಾವಣೆ ನಡೆಯುತ್ತಿದ್ದಾಗಲೇ, 2016ರ ಸೆಪ್ಟೆಂಬರ್ 5ರಂದು, ಜಿಯೋ ಉಚಿತ ಡೇಟಾದೊಂದಿಗೆ ಬಂತು.

ಮಾರುಕಟ್ಟೆಯೇ ಬೆಸೆದಿದೆ, ನೋಡುಗರಿಗೆ ಲಾಭವೇ ಆಗಿದೆ, ಕಾನೂನೇಕೆ ಎಂದು ಕೇಳಬಹುದು. ಲಾಭ ನಿಜ, ಅದು ಎಷ್ಟು ದಿನ ಎಂಬುದು ಪ್ರಶ್ನೆ. 2023ರಲ್ಲಿ ಜಿಯೋಸಿನಿಮಾ ಐಪಿಎಲ್ ಪಂದ್ಯಗಳನ್ನು ಕನ್ನಡ ವೀಕ್ಷಕ ವಿವರಣೆಯೊಂದಿಗೆ ಪುಕ್ಕಟೆ ತೋರಿಸಿತು, ಟಿ.ವಿ. ಹಕ್ಕು ಆಗ ಪ್ರತಿಸ್ಪರ್ಧಿ ಸ್ಟಾರ್ ಬಳಿ ಇತ್ತು. 2024ರ ನವೆಂಬರ್‌ನಲ್ಲಿ ಎರಡೂ ಒಂದೇ ಸಂಸ್ಥೆಯಡಿ ಬಂದವು. ಮರುವರ್ಷ ಪಂದ್ಯವನ್ನು ಪೂರ್ತಿ ನೋಡಲು ಚಂದಾ ಕಟ್ಟಬೇಕಾಯಿತು, ಇಲ್ಲವೇ ಅದು ಸೇರಿದ ರೀಚಾರ್ಜ್ ಹಾಕಿಸಬೇಕಾಯಿತು. ಇತ್ತ ಕಾನೂನು ಹಿಂದೆಯೇ ಉಳಿದಿತ್ತು: ಊರಿನ ಕೇಬಲ್ ಆಪರೇಟರ್ ನೋಂದಣಿಗಾಗಿ ಪ್ರಧಾನ ಅಂಚೆ ಕಚೇರಿಗೆ ಹೋಗಬೇಕೆಂಬ ನಿಯಮ 2025ರ ಜನವರಿವರೆಗೂ ಇತ್ತು.

ಆದ್ದರಿಂದ ಮೂರಕ್ಕೂ ಒಂದೇ ಪ್ರಾಧಿಕಾರ ಬೇಕು. ಹಾಗಾದರೆ ಎಲ್ಲ ಮಾಧ್ಯಮವೂ ಸರ್ಕಾರದ ಮುಷ್ಟಿಗೆ ಸಿಕ್ಕೀತೆಂಬ ಭಯ ಸುಳ್ಳಲ್ಲ. ಅದಕ್ಕೇ ಏನು ತೋರಿಸಬೇಕೆಂಬ ವಿಚಾರವನ್ನು ಅದರ ಕೈಗೆ ಕೊಡದೆ, ದರ ಮತ್ತು ಪೈಪೋಟಿಯನ್ನಷ್ಟೇ ಒಪ್ಪಿಸಬೇಕು. ಒಂದೇ ಪಂದ್ಯ ತಂತಿಯಲ್ಲಿ ಬಂದರೊಂದು ನಿಯಮ, ಗಾಳಿಯಲ್ಲಿ ಬಂದರಿನ್ನೊಂದು ಎಂಬುದು ಇನ್ನಾದರೂ ಕೊನೆಯಾಗಬೇಕು.