ನಿಂತೇ ದುಡಿಯುವವರಿಗೆ ಒಂದು ಸ್ಟೂಲು

ಕಾಸರಗೋಡು: ಬದಿಯಡ್ಕ, ಕುಂಬಳೆ, ಮಂಜೇಶ್ವರ ಕಡೆಯಿಂದ ಬೆಳಿಗ್ಗೆ ಪೇಟೆಗೆ ಬರುವ ಬಸ್ಸುಗಳಲ್ಲಿ ಜವಳಿ ಅಂಗಡಿ, ಫ್ಯಾನ್ಸಿ ಅಂಗಡಿಯ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಇದ್ದೇ ಇರುತ್ತಾರೆ. ಬಸ್ಸಲ್ಲಿ ಸೀಟು ಸಿಗದಿದ್ದರೆ ಅರ್ಧ ಗಂಟೆ ನಿಂತರಾಯಿತು. ಅಂಗಡಿಯಲ್ಲಿ ಹಾಗಲ್ಲ. ಗಿರಾಕಿ ಇಲ್ಲದ ಮಧ್ಯಾಹ್ನವೂ ಕೂತುಕೊಳ್ಳುವಂತಿಲ್ಲ ಎಂಬುದು ಕೇರಳದ ಎಷ್ಟೋ ಜವಳಿ ಮಳಿಗೆಗಳಲ್ಲಿ ಬಹುಕಾಲ ನಡೆದುಬಂದ ಕಟ್ಟಳೆ. ಸಿಸಿಟಿವಿಯಲ್ಲಿ ಕೂತದ್ದು ಕಂಡರೆ ಸಂಬಳ ಕಡಿತ ಎಂಬ ದೂರೂ ಇತ್ತು.

ಇದನ್ನು ಪ್ರಶ್ನಿಸಿದವರು ಕಲ್ಲಿಕೋಟೆಯ ಮಿಠಾಯಿ ತೆರುವಿನ ಹೆಂಗಸರು. ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ಅವರನ್ನೆಲ್ಲ ಸೇರಿಸಿ 'ಪೆಣ್‌ಕೂಟ್ಟು' ಸಂಘಟನೆ ಕಟ್ಟಿದರು. ಮೊದಲು ಕೇಳಿದ್ದು ಶೌಚಾಲಯ. ಹೋಗಲು ಜಾಗವಿಲ್ಲವೆಂದು ಹಗಲೆಲ್ಲಾ ನೀರು ಕುಡಿಯುವುದನ್ನೇ ಕಡಿಮೆ ಮಾಡಿ, ಮೂತ್ರದ ಸೋಂಕು ತಂದುಕೊಂಡವರಿದ್ದರು. ಕೂರುವ ಹಕ್ಕಿನ ಮಾತು ಆಮೇಲೆ ಬಂತು. 2014ರ ಕೊನೆಯಲ್ಲಿ ತೃಶೂರಿನ ಜವಳಿ ಮಳಿಗೆಯೊಂದರ ನೌಕರೆಯರು ಅಂಗಡಿ ಎದುರೇ ಧರಣಿ ಕೂತರು. ಕೂರಲು ಬಿಡಿ ಎಂದು ಕೇಳುವುದಕ್ಕೂ ಬೀದಿಯಲ್ಲಿ ಕೂರಬೇಕಾಯಿತು ನೋಡಿ!

ಕೊನೆಗೆ 2018ರಲ್ಲಿ ಕೇರಳ ಸರಕಾರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಗೆ ತಿದ್ದುಪಡಿ ತಂದು ನೌಕರರಿಗೆ ಆಸನ ಒದಗಿಸುವುದನ್ನು ಕಡ್ಡಾಯ ಮಾಡಿತು. ಅದೇ ವರ್ಷ ಬಿಬಿಸಿಯ 100 ಮಹಿಳೆಯರ ಪಟ್ಟಿಯಲ್ಲಿ ವಿಜಿ ಹೆಸರಿತ್ತು. 2021ರಲ್ಲಿ ತಮಿಳುನಾಡು ಇಂಥದೇ ತಿದ್ದುಪಡಿ ಮಾಡಿತು. ಹಾಗಾಗಿ ಹೊಸೂರು, ತಾಳವಾಡಿಯ ಅಂಗಡಿಗಳಿಗೂ ಇದು ಅನ್ವಯ. ಗಂಡಸರಿಗೂ ಅಷ್ಟೇ.

ಆದರೆ ಸ್ಟೂಲು ಇಟ್ಟ ಮಾತ್ರಕ್ಕೆ ಕೂತುಕೊಳ್ಳಲು ಆಗುತ್ತದೆಯೇ? ಮೇಲ್ವಿಚಾರಕರು ಮುಖ ಗಂಟಿಕ್ಕಿದರೆ ಹೊಸ ಹುಡುಗಿ ಕೂರುವುದುಂಟೇ? ಕೆಲಸ ಇಲ್ಲದಾಗ ಕೂತ್ಕೊಳ್ಳಿ ಎಂದು ಮಾಲಕರು ಎಲ್ಲರೆದುರು ಒಂದು ಸಲ ಬಾಯಿಬಿಟ್ಟು ಹೇಳಿದರೆ ಅದರ ಪರಿಣಾಮವೇ ಬೇರೆ. ಗಿರಾಕಿ ಏನಂದುಕೊಳ್ಳುತ್ತಾರೋ ಎಂಬ ಅಳುಕು ಮಾಲಕರಿಗೂ ಇರಬಹುದು. ಅದೂ ಪೂರ್ತಿ ಸುಳ್ಳಲ್ಲ. ಒಳಗೆ ಬಂದಾಗ ಹುಡುಗಿ ಕೂತಿದ್ದರೆ 'ಎಂಥ ಅಹಂಕಾರ' ಅನ್ನುವ ಗಿರಾಕಿಗಳೂ ಇದ್ದಾರೆ. ಅವರ ಮನೆಯ ಮಗಳೂ ಇನ್ನೊಂದು ಅಂಗಡಿಯಲ್ಲಿ ನಿಂತಿರಬಹುದು.

ಆಸನ ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ದೂರು ನೀಡಬಹುದು. ಮಲಯಾಳ ಬರೆಯಲು ಬಾರದು ಎಂದು ಹಿಂಜರಿಯಬೇಕಾಗಿಲ್ಲ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಅಂಗಡಿಯ ಹೆಸರು, ಕೆಲಸದ ಹೊತ್ತು, ಕೂರಲು ಏನೂ ಇಲ್ಲವೆಂಬ ವಿಷಯ ಕನ್ನಡದಲ್ಲೇ ಬರೆದರಾಯಿತು. ಒಬ್ಬರಿಗೆ ಹೆದರಿಕೆಯಾದರೆ ನಾಲ್ಕು ಮಂದಿ ಸೇರಿ ಸಹಿ ಹಾಕಬಹುದು.