ನಿಮಗಿದು ಗೊತ್ತೇ? ಕಡಲಿಲ್ಲದ ದೇಶದ ಹಡಗು, ವಿಮಾನದ ನಂಬರು ಹೊತ್ತ ಲಾರಿ

ಲಕ್ಸೆಂಬರ್ಗ್ ದೇಶದ ವಿಸ್ತೀರ್ಣ 2,586 ಚದರ ಕಿ.ಮೀ. ನಮ್ಮ ಕೊಡಗು ಜಿಲ್ಲೆಯೇ 4,102 ಚದರ ಕಿ.ಮೀ. ಇದೆ. ಲಕ್ಸೆಂಬರ್ಗಿನ ಜನಸಂಖ್ಯೆ ಇನ್ನೂ ಏಳು ಲಕ್ಷ ಮುಟ್ಟಿಲ್ಲ. ಸುತ್ತ ಬೆಲ್ಜಿಯಂ, ಫ್ರಾನ್ಸ್, ಜರ್ಮನಿ. ಸಮುದ್ರ ನೋಡಬೇಕೆಂದರೆ ಗಡಿ ದಾಟಲೇಬೇಕು. ಆದರೂ 2021ರಲ್ಲಿ ಅಲ್ಲಿನ ಫಿಂಡೆಲ್ ವಿಮಾನ ನಿಲ್ದಾಣದಲ್ಲಿ ಏರಿ ಇಳಿದ ಸರಕು 10 ಲಕ್ಷ ಟನ್ ದಾಟಿತ್ತು. ತಲೆಗೆ ಹಂಚಿದರೆ ಒಬ್ಬೊಬ್ಬರ ಪಾಲಿಗೆ ಒಂದೂವರೆ ಟನ್‌ಗಿಂತ ಹೆಚ್ಚು! ಅದರಲ್ಲಿ ಬಹುಪಾಲು ಅಲ್ಲಿ ತಯಾರಾದದ್ದೂ ಅಲ್ಲ, ಅಲ್ಲಿಯವರು ಬಳಸುವುದೂ ಅಲ್ಲ. ಯಾರದೋ ಮಾಲು, ಇನ್ಯಾರದೋ ಮನೆಗೆ.

ಸಮುದ್ರವಿಲ್ಲದಿದ್ದರೇನು, ಲಕ್ಸೆಂಬರ್ಗಿಗೆ ಸಮುದ್ರದ ಹಡಗುಗಳಿವೆ. 1990ರ ನವೆಂಬರಿನಲ್ಲಿ ಕಾನೂನು ಮಾಡಿ ಹಡಗು ನೋಂದಣಿ ಕಚೇರಿ ತೆರೆದರು. ಬೆಲ್ಜಿಯಂನ ಮಾಲೀಕರು ತಮ್ಮ ಹಡಗುಗಳ ಬಾವುಟ ಬದಲಿಸಿಕೊಂಡು ಇತ್ತ ಬಂದರು. ಸಮುದ್ರದ ತಳದಿಂದ ಮರಳು ಹೀರುವ ಜಗತ್ತಿನ ಅತಿ ದೊಡ್ಡ ಡ್ರೆಜರ್‌ಗಳಲ್ಲಿ ಎರಡು, ಯಾನ್ ಡೆ ನುಲ್ ಕಂಪನಿಯ ‘ಕ್ರಿಸ್ಟೋಬಲ್ ಕೋಲೋನ್’ ಮತ್ತು ‘ಲೇವ್ ಎರಿಕ್ಸನ್’, ಲಕ್ಸೆಂಬರ್ಗ್ ಬಾವುಟ ಹಾರಿಸುತ್ತವೆ. ಹಿಂಬದಿಯಲ್ಲಿ ಬರೆದಿರುವ ಆ ಊರನ್ನು ಅವು ಜನ್ಮದಲ್ಲಿ ಕಾಣಲಾರವು.

ಹಾಗೆಂದು ಬಂದರೇ ಇಲ್ಲವೆಂದಲ್ಲ. ಮೊಸೆಲ್ ನದಿಯ ದಡದಲ್ಲಿ ಮೆರ್ಟರ್ಟ್ ಎಂಬ ಒಂದೇ ಒಂದು ಬಂದರಿದೆ. 1956ರಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಲಕ್ಸೆಂಬರ್ಗ್ ಮೂರೂ ಒಪ್ಪಂದ ಮಾಡಿಕೊಂಡು ನದಿಗೆ ಅಡ್ಡಗಟ್ಟೆ, ಲಾಕ್ ಗೇಟುಗಳನ್ನು ಕಟ್ಟಿದವು. ದೊಡ್ಡ ದೋಣಿಗಳು ಓಡಾಡುವಷ್ಟು ಆಳವಾಯಿತು. 1964ರ ಮೇ ತಿಂಗಳಲ್ಲಿ ನಡೆದ ಉದ್ಘಾಟನೆಗೆ ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್, ಪಶ್ಚಿಮ ಜರ್ಮನಿಯ ಅಧ್ಯಕ್ಷ ಲ್ಯೂಬ್ಕೆ, ಲಕ್ಸೆಂಬರ್ಗಿನ ಗ್ರ್ಯಾಂಡ್ ಡಚೆಸ್ ಷಾರ್ಲಾಟ್ ಮೂವರೂ ಬಂದಿದ್ದರು. ಎರಡು ಮಹಾಯುದ್ಧಗಳಲ್ಲಿ ಎದುರುಬದುರಾಗಿ ನಿಂತಿದ್ದ ನಾಡುಗಳು ಒಂದು ನದಿಯ ಮೇಲೆ ಪಾಲುದಾರರಾದದ್ದು ಸಣ್ಣ ಮಾತಲ್ಲ. ಈಗ ಮೆರ್ಟರ್ಟ್‌ನಿಂದ ಹೊರಟ ಸರಕು ಕೊಬ್ಲೆಂಜ್‌ನಲ್ಲಿ ರೈನ್ ನದಿ ಸೇರಿ, ಅಲ್ಲಿಂದ ರಾಟರ್‌ಡ್ಯಾಂ, ಆಂಟ್‌ವರ್ಪ್ ತಲುಪಬಹುದು.

ಆದರೆ ನದಿಯ ಕೆಳದಾರಿ ಇರುವುದು ನೆರೆಯವರ ನೆಲದಲ್ಲಿ. 2024ರ ಡಿಸೆಂಬರಿನಲ್ಲಿ ಜರ್ಮನಿಯ ಮ್ಯೂಡೆನ್ ಎಂಬಲ್ಲಿ ಸರಕು ದೋಣಿಯೊಂದು ಲಾಕ್ ಗೇಟಿಗೆ ಗುದ್ದಿತು. ಅಷ್ಟಕ್ಕೇ ಮೊಸೆಲ್ ಬಂದ್! ಸುಮಾರು 70 ದೋಣಿಗಳು ಮೇಲ್ಭಾಗದಲ್ಲೇ ಸಿಕ್ಕಿಹಾಕಿಕೊಂಡವು. ಒಂದು ಬಾಗಿಲು ಮುರಿದದ್ದಕ್ಕೆ ಇಡೀ ದೇಶದ ಏಕೈಕ ಜಲಮಾರ್ಗ ವಾರಗಟ್ಟಲೆ ಸುಮ್ಮನಾಯಿತು.

ಷೆಂಗೆನ್ ವೀಸಾ ಹೆಸರು ಕೇಳದವರಾರು? ಆ ಷೆಂಗೆನ್ ಲಕ್ಸೆಂಬರ್ಗಿನ ಒಂದು ಪುಟ್ಟ ದ್ರಾಕ್ಷಿ ತೋಟದ ಹಳ್ಳಿ. 1985ರ ಜೂನ್ 14ರಂದು ಗಡಿ ತಪಾಸಣೆ ಕೈಬಿಡುವ ಒಪ್ಪಂದಕ್ಕೆ ಐದು ದೇಶಗಳು ಸಹಿ ಹಾಕಿದ್ದು ಅಲ್ಲಿನ ಯಾವ ಕಟ್ಟಡದಲ್ಲೂ ಅಲ್ಲ, ಮೊಸೆಲ್‌ನಲ್ಲಿ ಲಂಗರು ಹಾಕಿದ್ದ ‘ಪ್ರಿನ್ಸೆಸ್ ಮಾರಿ-ಆಸ್ಟ್ರಿಡ್’ ಎಂಬ ದೋಣಿಯ ಮೇಲೆ. ಮೂರು ದೇಶಗಳ ಗಡಿ ಕೂಡುವ ಜಾಗವದು. ಇಲ್ಲೊಂದು ತಪ್ಪು ತಿಳಿವಳಿಕೆ ಸಾಮಾನ್ಯ. ಗಡಿಯಲ್ಲಿ ಲಾರಿಗಳ ಸಾಲು ಕರಗಿದ್ದು ಷೆಂಗೆನ್‌ನಿಂದ ಎಂದೇ ಹಲವರು ನಂಬಿದ್ದಾರೆ. ಷೆಂಗೆನ್ ಬಿಡಿಸಿದ್ದು ಮುಖ್ಯವಾಗಿ ಮನುಷ್ಯರ ದಾರಿಯನ್ನು, ಅದೂ ಜಾರಿಗೆ ಬಂದದ್ದು 1995ರ ಮಾರ್ಚಿನಲ್ಲಿ. ಸರಕಿನ ಸುಂಕದ ಕಟ್ಟೆಗಳು ಅದಕ್ಕೂ ಮೊದಲೇ, 1993ರ ಜನವರಿ 1ರಂದು, ಯುರೋಪಿನ ಏಕ ಮಾರುಕಟ್ಟೆಯ ಜೊತೆಗೇ ಎದ್ದುಹೋದವು. ಲಕ್ಸೆಂಬರ್ಗಿಗಂತೂ ಇದು ಹಳೆಯ ಆಟ. 1842ರಲ್ಲಿ ಜರ್ಮನ್ ಸುಂಕ ಒಕ್ಕೂಟ, 1921ರಲ್ಲಿ ಬೆಲ್ಜಿಯಂ ಜೊತೆ ಆರ್ಥಿಕ ಒಕ್ಕೂಟ, 1948ರಲ್ಲಿ ನೆದರ್ಲೆಂಡ್ಸನ್ನೂ ಸೇರಿಸಿಕೊಂಡು ಬೆನೆಲಕ್ಸ್. ಒಂಟಿಯಾಗಿ ನಿಂತರೆ ಬದುಕಿಲ್ಲವೆಂದು ಅರಿತ ದೇಶ ಅದು. ಈ ಲೇಖಕನ ಮಟ್ಟಿಗೆ ಆ ನಾಡಿನ ನಿಜವಾದ ಬಂದರು ಈ ಒಪ್ಪಂದದ ಕಾಗದಗಳೇ. ಭೂಪಟ ಎರಡನೆಯ ಮಾತು.

ಅಲ್ಲಿನ ಸರಕು ವಿಮಾನ ಕಂಪನಿ ಕಾರ್ಗೋಲಕ್ಸ್ ಹುಟ್ಟಿದ್ದು 1970ರಲ್ಲಿ. ಪಾಲುದಾರರ ಪಟ್ಟಿ ನೋಡಿ: ಲಕ್ಸೆಂಬರ್ಗಿನ ಲಕ್ಸೇರ್, ಸ್ವೀಡನ್ನಿನ ಸಾಲೆನ್ ಹಡಗು ಕಂಪನಿ, ಐಸ್‌ಲ್ಯಾಂಡಿನ ಲೋಫ್ಟ್‌ಲೀಡಿರ್. ಈ ಐಸ್‌ಲ್ಯಾಂಡಿನವರು ಅಮೆರಿಕದ ತರುಣರನ್ನು ಅಗ್ಗದ ಟಿಕೆಟಿನಲ್ಲಿ ಲಕ್ಸೆಂಬರ್ಗಿಗೆ ತಂದು ಬಿಡುತ್ತಿದ್ದರು. ‘ಹಿಪ್ಪಿಗಳ ಏರ್‌ಲೈನ್’ ಎಂದೇ ಹೆಸರಾಗಿತ್ತು. ಕಾರ್ಗೋಲಕ್ಸ್‌ನ ಮೊದಲ ವಿಮಾನ ಕೆನಡಾದ ಸಿಎಲ್-44. ಅದರ ವಿಶೇಷ ಬಾಲದಲ್ಲಿತ್ತು. ಬಾಲವೇ ಬಾಗಿಲಿನಂತೆ ಪಕ್ಕಕ್ಕೆ ತೆರೆದುಕೊಳ್ಳುತ್ತಿತ್ತು, ಉದ್ದನೆಯ ಸಾಮಾನನ್ನು ಹಿಂದಿನಿಂದ ನೇರವಾಗಿ ಒಳತಳ್ಳಬಹುದಿತ್ತು.

ಬಾಲದಿಂದ ಮೂಗಿಗೆ ಬರೋಣ. ಬೋಯಿಂಗ್ 747ರ ಬೆನ್ನ ಮೇಲಿನ ಗೂನು ಅಂದಕ್ಕಾಗಿ ಬಂದದ್ದಲ್ಲ. ಮುಂದೆ ಶಬ್ದಾತೀತ ವಿಮಾನಗಳು ಪ್ರಯಾಣಿಕರನ್ನೆಲ್ಲ ಹೊತ್ತೊಯ್ಯುತ್ತವೆ, ಆಗ 747 ಸರಕಿಗೆ ಉಳಿಯಬೇಕಾದೀತು ಎಂಬ ಲೆಕ್ಕಾಚಾರ ವಿನ್ಯಾಸಕಾರರದು. ಅದಕ್ಕೇ ಪೈಲಟ್‌ಗಳ ಕೋಣೆಯನ್ನು ಮಹಡಿಗೇರಿಸಿದರು, ಕೆಳಗೆ ಮೂಗು ಮೇಲಕ್ಕೆ ಎತ್ತಿಕೊಳ್ಳುವಂತಾಯಿತು. ಪಕ್ಕದ ಬಾಗಿಲಿನಿಂದ ತಿರುಗಿಸಲಾಗದ ಉದ್ದನೆಯ ಕೊಳವೆ, ತೈಲಬಾವಿಯ ಯಂತ್ರ, ಇವೆಲ್ಲ ಮೂಗಿನಿಂದ ಒಳಹೋಗುತ್ತವೆ. ಶಬ್ದಾತೀತ ವಿಮಾನಗಳ ಕಥೆ ಮುಂದುವರಿಯಲಿಲ್ಲ. ಮೂಗಿನ ಬಾಗಿಲು ಮಾತ್ರ ಕಾರ್ಗೋಲಕ್ಸ್‌ನಂಥವರಿಗೆ ಅನ್ನವಾಯಿತು. 1993ರಲ್ಲಿ 747-400ರ ಸರಕು ಮಾದರಿಯನ್ನು ಜಗತ್ತಿನಲ್ಲಿ ಮೊದಲು ಹಾರಿಸಿದ್ದು ಈ ಕಂಪನಿ. 2011ರಲ್ಲಿ 747-8ರ ಸರಕು ಮಾದರಿಯನ್ನು ಮೊದಲು ಪಡೆದದ್ದೂ ಇದೇ. ಅದನ್ನೂ ಸುಮ್ಮನೆ ಪಡೆಯಲಿಲ್ಲ. ಒಪ್ಪಂದದ ವಿಷಯದಲ್ಲಿ ಬೋಯಿಂಗ್ ಜೊತೆ ಜಗಳವಾಡಿ, ಸೆಪ್ಟೆಂಬರಿಗೆ ನಿಗದಿಯಾಗಿದ್ದ ಹಸ್ತಾಂತರವನ್ನು ತಿರಸ್ಕರಿಸಿ, ಅಕ್ಟೋಬರಿನಲ್ಲಿ ಕೈಗೆ ತೆಗೆದುಕೊಂಡರು. ಕೊಡಗಿಗಿಂತ ಸಣ್ಣ ದೇಶದ ಕಂಪನಿ!

ಆ ಕಂಪನಿಯ ವಿಮಾನಗಳಲ್ಲಿ ಪಂದ್ಯದ ಕುದುರೆಗಳಿಂದ ಹಿಡಿದು ಔಷಧದವರೆಗೆ ಏನೆಲ್ಲ ಹಾರಿಲ್ಲ! 2019ರ ಜೂನ್‌ನಲ್ಲಿ ಎರಡು ಬೆಲೂಗಾ ತಿಮಿಂಗಿಲಗಳೂ ಹಾರಿದವು. ಲಿಟಲ್ ಗ್ರೇ, ಲಿಟಲ್ ವೈಟ್ ಎಂದು ಅವುಗಳ ಹೆಸರು. ಷಾಂಘೈನ ಜಲಚರ ಪ್ರದರ್ಶನಾಲಯದಿಂದ ಐಸ್‌ಲ್ಯಾಂಡಿಗೆ, ಅಲ್ಲಿನ ಕೊಲ್ಲಿಯೊಂದರ ಆಶ್ರಯತಾಣಕ್ಕೆ. ವಿಮಾನದ ಮೈಮೇಲೂ ತಿಮಿಂಗಿಲದ ಚಿತ್ರ ಬಿಡಿಸಿದ್ದರು.

ಫಿಂಡೆಲ್‌ನ ರನ್‌ವೇ 4,000 ಮೀಟರ್ ಉದ್ದ. ಇರುವುದು ಅದೊಂದೇ. ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಮಾಮೂಲಿ ಹಾರಾಟಕ್ಕೆ ನಿರ್ಬಂಧ, ಊರವರು ನಿದ್ದೆ ಮಾಡಬೇಕಲ್ಲ. ಸರಕು ವ್ಯಾಪಾರವೋ ರಾತ್ರಿಯನ್ನೇ ನೆಚ್ಚಿಕೊಂಡದ್ದು. ಆ ತಿಕ್ಕಾಟ ಇಂದಿಗೂ ಮುಗಿದಿಲ್ಲ.

ವಿಮಾನದ ನಂಬರು ಹೊತ್ತು ಹೆದ್ದಾರಿಯಲ್ಲಿ ಓಡುವ ಲಾರಿಗಳಿವೆ ಎಂದರೆ ನಂಬುತ್ತೀರಾ? ರನ್‌ವೇ ಪಕ್ಕ ನಿಂತ 747 ಜಂಬೋವನ್ನು ತುಂಬಿಸಲು ಲಕ್ಸೆಂಬರ್ಗ್ ಒಂದರ ಸರಕು ಯಾವ ಮೂಲೆಗೂ ಸಾಲದು. ಫ್ರಾಂಕ್‌ಫರ್ಟ್, ಪ್ಯಾರಿಸ್, ಆಂಸ್ಟರ್‌ಡ್ಯಾಂ, ಮಿಲಾನ್ ಕಡೆಯಿಂದ ಲಾರಿಗಳು ತಂದು ಸುರಿಯಬೇಕು. ವಿಮಾನ ಸರಕಿನ ಚೀಟಿ (ಏರ್‌ವೇ ಬಿಲ್) ಆಗಲೇ ಸಿದ್ಧವಾಗಿರುವುದರಿಂದ ಕಾಗದದ ಲೆಕ್ಕದಲ್ಲಿ ಆ ಪಯಣವೂ ‘ವಿಮಾನ’ವೇ, ಲಾರಿಗೂ ಫ್ಲೈಟ್ ನಂಬರು. ಇದು ಲಕ್ಸೆಂಬರ್ಗಿನದೇ ಆವಿಷ್ಕಾರವಲ್ಲ, ಯುರೋಪಿನಲ್ಲೆಲ್ಲ ರೂಢಿ. ಆದರೆ ಇದಿಲ್ಲದೆ ಅಷ್ಟು ಸಣ್ಣ ದೇಶದ ವಿಮಾನ ನಿಲ್ದಾಣ ಒಂದು ದಿನವೂ ನಡೆಯದು.

ರೈಲಿನ ಮೇಲೆ ಲಾರಿ ಸಾಗಿಸುವುದು ನಮಗೆ ಹೊಸತಲ್ಲ. ಕೊಂಕಣ ರೈಲ್ವೆಯ ರೋರೋ ಸೇವೆ 1999ರಲ್ಲೇ ಶುರುವಾಯಿತು, ಆಮೇಲೆ ಸುರತ್ಕಲ್‌ವರೆಗೂ ಬಂತು. ಅಲ್ಲಿ ಲಾರಿ, ಡ್ರೈವರು, ಕ್ಲೀನರು ಎಲ್ಲರೂ ಒಟ್ಟಿಗೆ ರೈಲು ಹತ್ತುತ್ತಾರೆ. ದಕ್ಷಿಣ ಲಕ್ಸೆಂಬರ್ಗಿನ ಬೆಟ್ಟೆಂಬೂರ್‌ನಲ್ಲಿ ಬೇರೆ ಉಪಾಯ. ಫ್ರಾನ್ಸಿನ ಲೋರ್ ಕಂಪನಿ ಮಾಡಿದ ವ್ಯಾಗನ್ನಿನ ನಡುಭಾಗ ಓರೆಯಾಗಿ ಹೊರಕ್ಕೆ ತಿರುಗುತ್ತದೆ. ಲಾರಿ ಬಂದು ಟ್ರೇಲರನ್ನು ಅದರೊಳಗೆ ಎಳೆದು ನಿಲ್ಲಿಸುತ್ತದೆ, ಎಂಜಿನ್ ಭಾಗ ಕಳಚಿಕೊಂಡು ವಾಪಸ್ ಹೋಗುತ್ತದೆ, ನಡುಭಾಗ ಮತ್ತೆ ಹಳಿಯ ನೇರಕ್ಕೆ ಬರುತ್ತದೆ. ಕ್ರೇನಿನ ಗೊಡವೆಯೇ ಇಲ್ಲ. 2007ರಲ್ಲಿ ಇಲ್ಲಿಂದ ಸ್ಪೇನ್ ಗಡಿಯ ಹತ್ತಿರದ ಲೆ ಬುಲೂಗೆ ಇಂಥ ರೈಲು ಹೊರಟಿತು. ದೂರ ಸಾವಿರ ಕಿ.ಮೀ.ಗೂ ಮೇಲು. ಆ ಕೊನೆಯಲ್ಲಿ ಇನ್ನೊಬ್ಬ ಡ್ರೈವರು ತನ್ನ ಲಾರಿಗೆ ಟ್ರೇಲರ್ ಸಿಕ್ಕಿಸಿಕೊಂಡು ಹೊರಡುತ್ತಾನೆ. 2017ರಲ್ಲಿ 33 ಹೆಕ್ಟೇರಿನ ಹೊಸ ಟರ್ಮಿನಲ್ ತೆರೆಯಿತು. ಇಟಲಿಯ ಟ್ರಿಯೆಸ್ಟೆ ಬಂದರಿಗೂ ಜರ್ಮನಿಯ ಉತ್ತರ ತೀರಕ್ಕೂ ಇಲ್ಲಿಂದ ಕೊಂಡಿ. ಟ್ರಿಯೆಸ್ಟೆಗೆ ಟರ್ಕಿಯಿಂದ ಹಡಗಿನಲ್ಲಿ ಬಂದ ಟ್ರೇಲರ್ ಹೀಗೆ ಯುರೋಪಿನ ನಡುವಿಗೆ ಬಂದು ನಿಲ್ಲುತ್ತದೆ.

ರೈಲು ಜಾಲ ಇಷ್ಟು ದಟ್ಟವಾಗಿರಲು ಉಕ್ಕು ಕಾರಣ. ದಕ್ಷಿಣದ ಕೆಂಪು ಅದಿರಿನ ಸೀಮೆಯಲ್ಲಿ ಆರ್ಬೆಡ್ ಎಂಬ ಕಂಪನಿ 1911ರಿಂದ ಉಕ್ಕು ಕಾಯಿಸುತ್ತಿತ್ತು. ಅದೇ ಬೆಳೆದು, ಬೆರೆತು, ಕೊನೆಗೆ ಲಕ್ಷ್ಮೀ ಮಿತ್ತಲ್ ಅವರ ಆರ್ಸೆಲರ್‌ಮಿತ್ತಲ್ ಆಯಿತು. ಪ್ರಧಾನ ಕಚೇರಿ ಇಂದಿಗೂ ಅಲ್ಲೇ. 1970ರ ದಶಕದಲ್ಲಿ ಉಕ್ಕಿನ ಬೆಲೆ ಬಿದ್ದಾಗ ದೇಶ ಬ್ಯಾಂಕುಗಳತ್ತ ಹೊರಳಿತು. ಬ್ಯಾಂಕನ್ನೂ ಅತಿಯಾಗಿ ನಂಬುವುದು ಕ್ಷೇಮವಲ್ಲವೆನಿಸಿದಾಗ ಲಾಜಿಸ್ಟಿಕ್ಸ್.

ದುಡಿಯುವವರು? ಎರಡು ಲಕ್ಷಕ್ಕೂ ಹೆಚ್ಚು ಮಂದಿ ದಿನಾ ಬೆಳಿಗ್ಗೆ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಯಿಂದ ಗಡಿ ದಾಟಿ ಬಂದು ಸಂಜೆ ಮನೆಗೆ ಮರಳುತ್ತಾರೆ. ಒಟ್ಟು ನೌಕರರಲ್ಲಿ ಹೆಚ್ಚುಕಡಿಮೆ ಅರ್ಧ.

ಲಾರಿಗಳು ಬಳಸುದಾರಿ ಹಿಡಿದಾದರೂ ಲಕ್ಸೆಂಬರ್ಗಿನಲ್ಲಿ ನಿಲ್ಲಲು ಇನ್ನೊಂದು ಕಾರಣವಿತ್ತು, ಅಗ್ಗದ ಡೀಸೆಲ್. ನೆರೆಯವರಿಗಿಂತ ತೆರಿಗೆ ಕಡಿಮೆ. ಬೆರ್ಶೆಮ್ ಎಂಬಲ್ಲಿನ ಹೆದ್ದಾರಿ ಬಂಕು ಯುರೋಪಿನಲ್ಲೇ ಹೆಸರುವಾಸಿ. ಲಾಭದ ಜೊತೆ ಪೇಚೂ ಬಂತು: ತೈಲ ಎಲ್ಲಿ ಉರಿದರೂ, ಮಾರಿದ ದೇಶದ ಲೆಕ್ಕಕ್ಕೇ ಹೊಗೆ! ಹೀಗಾಗಿ ಪರದೇಶಿ ಲಾರಿಗಳ ಇಂಗಾಲ ಈ ಪುಟ್ಟ ದೇಶದ ಖಾತೆಯಲ್ಲಿ ಬಿತ್ತು. 2021ರಲ್ಲಿ ಟನ್ನಿಗೆ 20 ಯೂರೋ ಇಂಗಾಲ ತೆರಿಗೆ ಶುರುಮಾಡಿದರು.

ವಿಮಾನ ನಿಲ್ದಾಣದ ಮಗ್ಗುಲಲ್ಲೇ 2014ರಲ್ಲಿ ‘ಫ್ರೀಪೋರ್ಟ್’ ಎಂಬ ಕೋಟೆಯಂಥ ಉಗ್ರಾಣ ತೆರೆಯಿತು. ಚಿತ್ರಕಲೆ, ದ್ರಾಕ್ಷಾರಸ, ಚಿನ್ನ ಅಲ್ಲಿದ್ದಷ್ಟು ದಿನ ಸುಂಕ, ವ್ಯಾಟ್ ಬೀಳುವುದಿಲ್ಲ. ಇಂಥ ಉಗ್ರಾಣಗಳನ್ನು ಹಂತಹಂತವಾಗಿ ಮುಚ್ಚಬೇಕೆಂದು ಯುರೋಪಿಯನ್ ಸಂಸತ್ತು 2019ರಲ್ಲಿ ಕೇಳಿತು. ಮರುವರ್ಷ ಹೆಸರು ಬದಲಾಯಿತು: ಹೈ ಸೆಕ್ಯುರಿಟಿ ಹಬ್.

ಹೊಗಳಿಕೆಯ ನಡುವೆ ಒಂದು ಕಪ್ಪು ಚುಕ್ಕೆ. ವಿಮಾನ ಸರಕಿನ ಹೆಚ್ಚುವರಿ ಶುಲ್ಕದ (ಸರ್‌ಚಾರ್ಜ್) ನಿಗದಿಯಲ್ಲಿ ಒಳಒಪ್ಪಂದ ಮಾಡಿಕೊಂಡವೆಂದು 2010ರಲ್ಲಿ ಯುರೋಪಿಯನ್ ಕಮಿಷನ್ 11 ಕಂಪನಿಗಳಿಗೆ ಸುಮಾರು 80 ಕೋಟಿ ಯೂರೋ ದಂಡ ಹಾಕಿತು. ಕಾರ್ಗೋಲಕ್ಸ್ ಪಾಲು 7.99 ಕೋಟಿ. ಕ್ರಮದ ದೋಷವೆಂದು ನ್ಯಾಯಾಲಯ ಅದನ್ನು ರದ್ದು ಮಾಡಿತಾದರೂ 2017ರಲ್ಲಿ ಕಮಿಷನ್ ಮತ್ತೆ ದಂಡ ಹೇರಿತು.

2014ರಿಂದ ಕಾರ್ಗೋಲಕ್ಸ್‌ನ 35% ಷೇರು ಚೀನಾದ ಹೆನಾನ್ ಪ್ರಾಂತ್ಯದ ಸರ್ಕಾರಿ ಕಂಪನಿಯದು. ಆ ಪ್ರಾಂತ್ಯದ ಜೆಂಗ್‌ಝೌ ನಗರ ಫಿಂಡೆಲ್‌ನ ಜೋಡಿ ಹಬ್ ಆಯಿತು. ಅದಕ್ಕೂ ಮುಂಚೆ ಅದೇ 35% ಕತಾರ್ ಏರ್‌ವೇಸ್ ಬಳಿ ಇತ್ತು, ಒಂದು ವರ್ಷ ದಾಟಿ ಸ್ವಲ್ಪದರಲ್ಲೇ ಸಂಬಂಧ ಮುರಿದಿತ್ತು.

ಕೋವಿಡ್ ಕಾಲದಲ್ಲಿ ವಿಮಾನ ಕಂಪನಿಗಳೆಲ್ಲ ನೆಲಕಚ್ಚಿದಾಗ ಕಾರ್ಗೋಲಕ್ಸ್ 2021ರಲ್ಲಿ ನೂರು ಕೋಟಿ ಡಾಲರ್‌ಗೂ ಹೆಚ್ಚು ನಿವ್ವಳ ಲಾಭ ಗಳಿಸಿತು. ಜಗತ್ತಿನ ವಿಮಾನ ಸರಕಿನಲ್ಲಿ ದೊಡ್ಡ ಭಾಗ ಹೋಗುವುದು ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲಿ. ಅವು ಹಾರದಿದ್ದಾಗ ಸರಕು ವಿಮಾನ ಇದ್ದವನು ಹೇಳಿದ್ದೇ ದರ. ಲಾಭ ನೋಡಿದ ಕಾರ್ಮಿಕರು ತಮ್ಮ ಪಾಲು ಕೇಳಿದರು. 2023ರ ಸೆಪ್ಟೆಂಬರಿನಲ್ಲಿ ಮುಷ್ಕರವಾಯಿತು.

ವಿಶ್ವಬ್ಯಾಂಕಿನ ಲಾಜಿಸ್ಟಿಕ್ಸ್ ಸೂಚ್ಯಂಕದಲ್ಲಿ ಲಕ್ಸೆಂಬರ್ಗ್ 2016ರಲ್ಲಿ ಜಗತ್ತಿಗೇ ಎರಡನೆಯದು. ಮೊದಲನೆಯ ಜರ್ಮನಿಗೆ 4.23 ಅಂಕ, ಇದಕ್ಕೆ 4.22. ಎರಡೇ ವರ್ಷದಲ್ಲಿ, 2018ಕ್ಕೆ, 24ನೆಯ ಸ್ಥಾನಕ್ಕೆ ಇಳಿಯಿತು. ಅಷ್ಟರಲ್ಲಿ ರನ್‌ವೇ ಕುಸಿದಿರಲಿಲ್ಲ, ಹೊಸ ರೈಲು ಟರ್ಮಿನಲ್ ಬೇರೆ ಬಂದಿತ್ತು! ಆಗ ಆ ಅಂಕಗಳು ಬರುತ್ತಿದ್ದುದು ಸಾಗಣೆ ವೃತ್ತಿಯವರ ಅಭಿಪ್ರಾಯ ಸಮೀಕ್ಷೆಯಿಂದ. ಸಣ್ಣ ದೇಶವೆಂದರೆ ಉತ್ತರ ಕೊಡುವವರೂ ಕಡಿಮೆ, ನಾಲ್ಕಾರು ಮಂದಿಯ ಮನಸ್ಸು ತಿರುಗಿದರೆ ಸಾಕು. ರ‍್ಯಾಂಕು ಮೇಲಿದ್ದಾಗ ಬ್ಯಾನರ್ ಕಟ್ಟುವ ಮಂತ್ರಿಗಳು ಎಲ್ಲ ದೇಶದಲ್ಲೂ ಇರುತ್ತಾರೆ ಬಿಡಿ.

ಕೊನೆಯ 747 ವಿಮಾನವನ್ನು ಬೋಯಿಂಗ್ ಗ್ರಾಹಕರ ಕೈಗೊಪ್ಪಿಸಿದ್ದು 2023ರ ಜನವರಿಯಲ್ಲಿ. ತನ್ನ ಹಳೆಯ 747-400ಗಳ ಬದಲಿಗೆ ಕಾರ್ಗೋಲಕ್ಸ್ ಆರಿಸಿಕೊಂಡಿರುವುದು 777-8ರ ಸರಕು ಮಾದರಿಯನ್ನು. ಎಂಜಿನ್ ಎರಡೇ, ಇಂಧನ ಉಳಿತಾಯ. ಆದರೆ ಮೂಗು ತೆರೆಯುವುದಿಲ್ಲ.