ಹೊಳೆಯ ದಡದ ಊರುಗಳು

ರಜೆಯ ದಿನಗಳಲ್ಲಿ ವಿದೇಶಕ್ಕೆ ಹೋಗಿ ಬಂದವರು ನಮ್ಮ ಬಡಾವಣೆಗಳಲ್ಲಿ ಈಗ ಅಪರೂಪವಲ್ಲ. ಜಯನಗರದಲ್ಲಾಗಲಿ ಬನಶಂಕರಿಯಲ್ಲಾಗಲಿ ಸಂಜೆಯ ವೇಳೆ ನಾಲ್ಕು ಮಂದಿ ಕಲೆತ ಕಡೆ, ಥೇಮ್ಸ್ ನದಿಯ ದಡದ ವಿಂಡ್ಸರ್ ಅರಮನೆಯನ್ನೋ ರೈನ್ ನದಿಯ ಇಕ್ಕೆಲಗಳ ಹಳೆಯ ಪಟ್ಟಣಗಳನ್ನೋ ಕಂಡುಬಂದವರು ಒಬ್ಬರಾದರೂ ಇರುತ್ತಾರೆ. ಬೆಳಗ್ಗೆ ಹೊರಟು, ಹೊಳೆಯ ಗುಂಟ ಮೂರು ನಾಲ್ಕು ಊರುಗಳನ್ನು ನೋಡಿ, ರಾತ್ರಿಗೆ ಬಿಡದಿಗೆ ಹಿಂದಿರುಗುವ ಈ ಬಗೆಯ ಪ್ರವಾಸ ಬಹು ಸೊಗಸಾದುದು. ರಾಜ್ಯಗಳು ಕಟ್ಟಿದುದು, ಕಾದಿದುದು, ದೇವರಿಗೆ ಗುಡಿ ಎತ್ತಿದುದು ಹೆಚ್ಚಾಗಿ ನೀರಿನ ಬಳಿಯಲ್ಲಿಯೇ ಆದುದರಿಂದ, ಒಂದು ನಾಡಿನ ಚರಿತ್ರೆಯನ್ನು ಒಂದೇ ಹಗಲಿನಲ್ಲಿ ಕಾಣಬೇಕೆನ್ನುವವನಿಗೆ ನದಿಯ ದಡಕ್ಕಿಂತ ಅನುಕೂಲವಾದ ಸ್ಥಳ ಬೇರೊಂದಿಲ್ಲ.

ಅಂಥ ಪ್ರವಾಸಕ್ಕೆ ನಾವು ಸಮುದ್ರವನ್ನು ದಾಟಬೇಕಾದುದಿಲ್ಲ. ಬೆಂಗಳೂರಿನ ದಕ್ಷಿಣದ ಬಡಾವಣೆಗಳಲ್ಲಿರುವವರು ಬೆಳಗಿನ ಆರು ಗಂಟೆಗೆ ಮನೆಯನ್ನು ಬಿಟ್ಟರೆ, ತಲಕಾಡು, ತಿರುಮಕೂಡಲು ನರಸೀಪುರ, ಸೋಮನಾಥಪುರ, ಶ್ರೀರಂಗಪಟ್ಟಣ ಎಂಬ ಕಾವೇರೀತೀರದ ನಾಲ್ಕು ಊರುಗಳನ್ನು ಕಂಡು ರಾತ್ರಿಯ ಊಟದ ಹೊತ್ತಿಗೆ ಮನೆಯನ್ನು ಸೇರಬಹುದು. ಈ ಪ್ರವಾಸಕ್ಕೆ ಥೇಮ್ಸ್, ರೈನ್‌ಗಳಲ್ಲಿ ಕಾಣದ ಒಂದು ವಿಶೇಷವೂ ಉಂಟು. ನಾವು ನೋಡಹೊರಟ ನದಿ ನಾವು ಹೊರಡುವುದಕ್ಕೆ ಮುಂಚೆಯೇ ನಮ್ಮ ಮನೆಗೆ ಬಂದಿರುತ್ತದೆ. ಅದು ಹೇಗೆಂಬುದನ್ನು ಮೊದಲು ಹೇಳಿ ಅನಂತರ ಊರುಗಳ ವಿಚಾರಕ್ಕೆ ಬರುತ್ತೇನೆ.

ಬೆಂಗಳೂರು ನದಿಯಿಲ್ಲದ ಊರು. ಎತ್ತರದ ದಿಣ್ಣೆಯ ಮೇಲೆ ನಿಂತು, ಮಳೆಯ ನೀರನ್ನು ಕೆರೆಗಳಲ್ಲಿ ಹಿಡಿದು ಬಾಳಿದ ಊರು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳು ಕೂಡಿ ಇಂದಿನ ಬಿ.ಟಿ.ಎಂ. ಬಡಾವಣೆಯ ಹೆಸರಾಗಿವೆ. ಆ ಹೆಸರಿನೊಳಗೇ ಒಂದು ಕೆರೆ ಅಡಗಿದೆ. ಕೆರೆಗಳು ಸಾಲದಾದಾಗ ನಗರವು ಅರ್ಕಾವತಿಯ ಕಡೆ ತಿರುಗಿತು. 1896ರಲ್ಲಿ ಹೆಸರಘಟ್ಟದಿಂದಲೂ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ ನೀರು ಬಂದಿತು. 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಹಾಕಿದ ಕಾಲಕ್ಕೆ ಅದೇ ನೀರು. ಕಾವೇರಿಯ ನೀರು ನಗರವನ್ನು ಮುಟ್ಟಿದುದು 1974ರಲ್ಲಿ. ಆದರೆ ಅದೇ ನದಿಯ ಬೆಳಕು ಅದಕ್ಕೂ ಬಹು ಮುಂಚೆ ಬಂದಿತ್ತು. 1902ರಲ್ಲಿ ಶಿವನಸಮುದ್ರದ ಧುಮುಕುನೀರಿನಿಂದ ಹುಟ್ಟಿಸಿದ ವಿದ್ಯುಚ್ಛಕ್ತಿಯು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹೋಗಿ, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪವಾಯಿತು.

ಶಿವನಸಮುದ್ರದ ಕಟ್ಟೆಯ ಬಳಿ ತಿರುಗಿಸಿಕೊಂಡ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಿಯಾಗಿ, ಅಲ್ಲಿಂದ ಹಾರೋಹಳ್ಳಿಗೆ, ಹಾರೋಹಳ್ಳಿಯಿಂದ ತಾತಗುಣಿಗೆ, ತಾತಗುಣಿಯಿಂದ ನಗರಕ್ಕೆ ಮೂರು ಹಂತಗಳಲ್ಲಿ ಏರಿ ಬರುತ್ತದೆ. ದೂರ ಸುಮಾರು 100 ಕಿಲೋಮೀಟರು, ಎಂದರೆ ಅರವತ್ತು ಮೈಲಿಗೂ ಮಿಕ್ಕದ್ದು. ಯಂತ್ರಗಳು ಅದನ್ನು ಎತ್ತಬೇಕಾದ ಎತ್ತರ ಸುಮಾರು 500 ಮೀಟರು. ಮೊದಲನೆಯ ಘಟ್ಟದಲ್ಲಿ ದಿನಕ್ಕೆ 13.5 ಕೋಟಿ ಲೀಟರು ಬರುತ್ತಿತ್ತು. 2024ರ ಅಕ್ಟೋಬರಿನಲ್ಲಿ ಆರಂಭವಾದ ಐದನೆಯ ಘಟ್ಟವೊಂದರಿಂದಲೇ ದಿನಕ್ಕೆ 77.5 ಕೋಟಿ ಲೀಟರು ತರುವ ಏರ್ಪಾಡಾಯಿತು. ಬನಶಂಕರಿಯ ಗುಡಿಯನ್ನು ದಾಟಿ ಕನಕಪುರದ ರಸ್ತೆಯನ್ನು ಹಿಡಿದವನು ಈ ನೀರು ಬಂದ ದಾರಿಯಲ್ಲಿಯೇ ಹಿಂದಕ್ಕೆ ಹೋಗುತ್ತಾನೆ. ತಾತಗುಣಿ, ಹಾರೋಹಳ್ಳಿ, ಕನಕಪುರ, ಹಲಗೂರು, ಮಳವಳ್ಳಿ ಇವು ಒಂದಾದ ಮೇಲೊಂದು ಬರುತ್ತವೆ. ಮಳವಳ್ಳಿಯಿಂದ ತಲಕಾಡಿಗೆ ದಾರಿ ಕವಲೊಡೆಯುತ್ತದೆ.

ತಲಕಾಡಿನಲ್ಲಿ ಮೊದಲು ಕಾಣುವುದು ಮರಳು. ಗಂಗರು ಕೋಲಾರದಿಂದ ರಾಜಧಾನಿಯನ್ನು ಇಲ್ಲಿಗೆ ತಂದರು. ಹನ್ನೊಂದನೆಯ ಶತಮಾನದ ಆದಿಯಲ್ಲಿ ಚೋಳರು ಇದನ್ನು ಗೆದ್ದು ರಾಜರಾಜಪುರವೆಂದು ಕರೆದರು. ಸುಮಾರು ನೂರು ವರ್ಷಗಳ ಮೇಲೆ ಹೊಯ್ಸಳ ವಿಷ್ಣುವರ್ಧನನು ಅವರಿಂದ ಕಿತ್ತುಕೊಂಡು ‘ತಲಕಾಡುಗೊಂಡ’ನೆಂಬ ಬಿರುದನ್ನು ಧರಿಸಿದನು, 1117ರ ಕೀರ್ತಿನಾರಾಯಣ ದೇವಾಲಯ ಆ ಜಯದ ಗುರುತು. ಮೂರು ರಾಜವಂಶಗಳು ಹೀಗೆ ಹೊಡೆದಾಡಿದ ನಗರದಲ್ಲಿ ಈಗ ನಾವು ಕಾಲು ಹೂತುಹೋಗುವ ಮರಳಿನಲ್ಲಿ ನಡೆದು, ತಗ್ಗಿಗೆ ಇಳಿದು ದೇವರನ್ನು ನೋಡಬೇಕಾಗಿದೆ. ಗುಡಿಗಳು ನೆಲದೊಳಕ್ಕೆ ಇಳಿದವಲ್ಲ, ನೆಲವೇ ಅವುಗಳ ಮೇಲಕ್ಕೆ ಏರಿತು.

ಇದಕ್ಕೆ ಜನರು ಹೇಳುವ ಕಾರಣ ನಮಗೆಲ್ಲ ತಿಳಿದದ್ದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಬಳಿಕ, ವಿಜಯನಗರದ ಪ್ರತಿನಿಧಿಯ ಪತ್ನಿಯಾದ ಅಲಮೇಲಮ್ಮನ ಒಡವೆಗಳಿಗಾಗಿ ಆಳುಗಳನ್ನು ಕಳುಹಿಸಿದರೆಂದೂ, ಆಕೆ ಮಾಲಂಗಿಯ ಬಳಿ ಹೊಳೆಗೆ ಹಾರುವಾಗ ತಲಕಾಡು ಮರಳಾಗಲೆಂದೂ ಮಾಲಂಗಿ ಮಡುವಾಗಲೆಂದೂ ಮೈಸೂರಿನ ದೊರೆಗಳಿಗೆ ಮಕ್ಕಳಾಗದಿರಲೆಂದೂ ಶಪಿಸಿದಳೆಂದೂ ಕತೆ. ಭೂವಿಜ್ಞಾನವನ್ನು ಬಲ್ಲವರು ಬೇರೊಂದು ಕಾರಣವನ್ನು ಕೊಡುತ್ತಾರೆ. ಇಲ್ಲಿ ನದಿಯು ದೊಡ್ಡದೊಂದು ತಿರುವನ್ನು ತೆಗೆದುಕೊಳ್ಳುತ್ತದೆ. ತಿರುವಿನ ಒಳಮಗ್ಗುಲಲ್ಲಿ ನೀರಿನ ವೇಗ ಕಡಮೆಯಾದುದರಿಂದ ಮರಳು ನಿಲ್ಲುವುದು ಸಹಜ. ವಿಜಯನಗರದ ಕಾಲದಲ್ಲಿ ಮಾಧವಮಂತ್ರಿಯ ಹೆಸರಿನ ಅಣೆಕಟ್ಟು ಎದ್ದು ಕೆಳಗಡೆಯ ಹರಿವು ತಗ್ಗಿತು. ನೀರಿನ ಕೆಳಗಿದ್ದ ಮರಳದಿಣ್ಣೆಗಳು ಬಿಸಿಲಿಗೆ ಒಣಗಿದುವು. ನೈಋತ್ಯದ ಗಾಳಿ ಆ ಮರಳನ್ನು ವರುಷ ವರುಷವೂ ಊರಿನ ಮೇಲಕ್ಕೆ ತಂದು ಸುರಿಯಿತು.

ಈ ಎರಡು ಕಾರಣಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದು ಹೆಂಗಸಿನ ಶಾಪದ ಮಾತನ್ನು ಹೇಳುತ್ತದೆ, ಇನ್ನೊಂದು ಗಾಳಿ, ಮರಳು, ಕಲ್ಲುಕಟ್ಟೆಗಳ ಮಾತನ್ನು ಹೇಳುತ್ತದೆ. ಆದರೆ ಮನುಷ್ಯನು ತನ್ನದಲ್ಲದುದಕ್ಕೆ ಕೈಚಾಚಿದುದರ ಫಲವನ್ನು ಇಡೀ ಊರು ಉಂಡಿತೆಂಬ ಅಂಶ ಎರಡರಲ್ಲಿಯೂ ಒಂದೇ. ಅಣೆಕಟ್ಟನ್ನು ಕಟ್ಟಿದುದು ಕೆಟ್ಟ ಕೆಲಸವಲ್ಲ. ಅದರಿಂದ ಹೊಲಗದ್ದೆಗಳಿಗೆ ನೀರಾಯಿತು. ಆದರೆ ಮೇಲಿನವರ ಲಾಭದ ಬೆಲೆಯನ್ನು ಕೆಳಗಿನವರು ತೆರಬೇಕಾಯಿತು. ನದಿಯ ಚರಿತ್ರೆಯಲ್ಲೆಲ್ಲಾ ಈ ಸಂಗತಿ ಮತ್ತೆ ಮತ್ತೆ ಬರುತ್ತದೆ.

ತಲಕಾಡಿನಿಂದ ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಹೋದರೆ ತಿರುಮಕೂಡಲು. ಕಾವೇರಿ ಕಪಿಲೆಗಳ ಕೂಡಲಿಗೆ ಗುಪ್ತಗಾಮಿನಿಯಾದ ಸ್ಫಟಿಕ ಸರೋವರವೂ ಸೇರುವುದೆಂದು ಶ್ರದ್ಧಾವಂತರ ನಂಬಿಕೆ. ಒಂದು ದಡದಲ್ಲಿ ಗುಂಜಾ ನರಸಿಂಹಸ್ವಾಮಿ, ಇನ್ನೊಂದು ದಡದಲ್ಲಿ ಅಗಸ್ತ್ಯೇಶ್ವರ. 1989ರಿಂದ ಇಲ್ಲಿ ಮೂರು ವರ್ಷಗಳಿಗೊಮ್ಮೆ ಕುಂಭಮೇಳವನ್ನು ನಡೆಸುವ ಪದ್ಧತಿ ಬಂದಿದೆ. ಇದಕ್ಕಿಂತಲೂ ಕುತೂಹಲಕರವಾದುದು ನೆಲದೊಳಗಿನ ಚರಿತ್ರೆ. 1959ರಲ್ಲಿ ಆರಂಭವಾಗಿ ಮುಂದಿನ ಕೆಲವು ವರ್ಷಗಳಲ್ಲಿ ಎಂ. ಶೇಷಾದ್ರಿಯವರು ಇಲ್ಲಿ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಜನರ ನೆಲೆಯೂ ಸಮಾಧಿಗಳೂ ದೊರೆತುವು. ಗಂಗರಿಗೂ ಚೋಳರಿಗೂ ಬಹು ಹಿಂದೆ, ಅರಸುತನವೆಂಬುದೇ ಹುಟ್ಟದ ಕಾಲದಲ್ಲಿ, ಎರಡು ಹೊಳೆ ಕೂಡುವ ಈ ಜಾಗ ಬಾಳುವುದಕ್ಕೆ ತಕ್ಕದ್ದೆಂದು ಯಾರೋ ಆರಿಸಿಕೊಂಡಿದ್ದರು.

ಸೋಮನಾಥಪುರ ಇಲ್ಲಿಂದ ಸಮೀಪವೇ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಅಗ್ರಹಾರವನ್ನು ಸ್ಥಾಪಿಸಿ 1258ರಲ್ಲಿ ಕೇಶವ ದೇವಾಲಯವನ್ನು ಪ್ರತಿಷ್ಠೆ ಮಾಡಿಸಿದನು. ಬಳಪದ ಕಲ್ಲಿನ ಮೂರು ಗರ್ಭಗುಡಿಗಳು, ನಕ್ಷತ್ರದ ಆಕಾರದ ಜಗಲಿ, ಗೋಡೆಯ ಮೇಲೆ ಸಾಲುಸಾಲಾಗಿ ಆನೆ, ಕುದುರೆ, ಪುರಾಣದ ಕತೆಗಳು. ವಿಗ್ರಹಗಳ ಅಡಿಯಲ್ಲಿ ಮಲ್ಲಿತಮ್ಮನೇ ಮೊದಲಾದ ಶಿಲ್ಪಿಗಳು ತಮ್ಮ ಹೆಸರನ್ನು ಕೆತ್ತಿದ್ದಾರೆ. 2023ರಲ್ಲಿ ಬೇಲೂರು ಹಳೇಬೀಡುಗಳೊಡನೆ ಇದು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಜನಾರ್ದನ, ವೇಣುಗೋಪಾಲರ ಮೂರ್ತಿಗಳು ಮೂಲದವು. ನಡುವಣ ಕೇಶವನ ಮೂಲಮೂರ್ತಿ ಮಾತ್ರ ಇಲ್ಲ. ನೋಡಲು ಒಂದು ಗಂಟೆ ಸಾಲದು, ಎರಡು ಗಂಟೆ ಇಟ್ಟುಕೊಳ್ಳುವುದು ಮೇಲು.

ಕೊನೆಯದು ಶ್ರೀರಂಗಪಟ್ಟಣ. ಕಾವೇರಿ ಇಲ್ಲಿ ಎರಡಾಗಿ ಒಡೆದು ಮತ್ತೆ ಕೂಡುವುದರಿಂದ ಊರು ದ್ವೀಪವಾಗಿದೆ. ಒಡೆಯರೂ ಅವರ ತರುವಾಯ ಹೈದರ್ ಟಿಪ್ಪುಗಳೂ ಇದನ್ನು ರಾಜಧಾನಿಯಾಗಿ ಇರಿಸಿಕೊಂಡುದಕ್ಕೆ ಮುಖ್ಯ ಕಾರಣ ಈ ನೀರೇ. ಮಳೆಗಾಲದಲ್ಲಿ ತುಂಬಿ ಹರಿಯುವ ಹೊಳೆಗಿಂತ ಒಳ್ಳೆಯ ಅಗಳನ್ನು ಯಾವ ಅರಸನೂ ತೋಡಿಸಲಾರನು. ಆದರೆ ಇಂಗ್ಲಿಷರು ಕೋಟೆಯ ಮೇಲೆ ಬಿದ್ದದ್ದು 1799ರ ಮೇ 4ರ ಮಧ್ಯಾಹ್ನ. ಹೊಳೆ ಬತ್ತಿ ಬಂಡೆಗಳು ಎದ್ದು ಕಾಣುವ ಕಾಲ. ಗೋಡೆ ಒಡೆದಿದ್ದ ಜಾಗಕ್ಕೆ ಸೈನಿಕರು ನದಿಯ ಪಾತ್ರದಲ್ಲಿ ನಡೆದೇ ದಾಟಿದರು. ಮುಂಗಾರು ಇಳಿದು ಹೊಳೆ ಬಂದುಬಿಟ್ಟಿದ್ದರೆ ಮುತ್ತಿಗೆ ನಿಲ್ಲುವಂತಿರಲಿಲ್ಲ. ಆ ಅವಸರ ದಾಳಿಕಾರರಿಗೆ ಚೆನ್ನಾಗಿ ಗೊತ್ತಿತ್ತು. ಟಿಪ್ಪು ಮಡಿದನು, ರಾಜಧಾನಿ ಮೈಸೂರಿಗೆ ಹೋಯಿತು. ಒಡೆದ ಗೋಡೆಯ ಎಡೆಯಲ್ಲಿ ನಿಂತು ಹೊಳೆಯನ್ನು ನೋಡಿದರೆ ಈ ವಿಷಯ ಪಠ್ಯಪುಸ್ತಕದ ಹತ್ತು ಪುಟಗಳಿಗಿಂತ ಚೆನ್ನಾಗಿ ಮನಸ್ಸಿಗೆ ಹಿಡಿಯುತ್ತದೆ. ರಂಗನಾಥನ ಗುಡಿ, 1784ರ ದರಿಯಾ ದೌಲತ್, ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಲ್ಲುಕಂಬಗಳ ಮೇಲೆ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆ, ಇವನ್ನು ನೋಡಿಕೊಂಡು ಮಂಡ್ಯ ಮದ್ದೂರುಗಳ ಮಾರ್ಗವಾಗಿ ಹಿಂದಿರುಗಬಹುದು.

ಹೊರಡುವವರಿಗೆ ಎರಡು ಮಾತು. ಮಳೆಗಾಲ ಕಳೆದು ಚಳಿ ಹತ್ತುವ ತಿಂಗಳುಗಳು ಇದಕ್ಕೆ ಅನುಕೂಲ. ಬೇಸಗೆಯಲ್ಲಿ ತಲಕಾಡಿನ ಮರಳು ಕಾಲನ್ನು ಸುಡುತ್ತದೆ. ಎರಡನೆಯದು, ತಲಕಾಡಿನಲ್ಲಾಗಲಿ ಶ್ರೀರಂಗಪಟ್ಟಣದಲ್ಲಾಗಲಿ ಮೊಣಕಾಲುದ್ದ ನೀರೆಂದು ನಂಬಿ ಮಕ್ಕಳನ್ನು ಹೊಳೆಗೆ ಬಿಡಬಾರದು. ನದಿಯ ಪಾತ್ರದಲ್ಲಿ ಮಡುಗಳುಂಟು. ಮುಳುಗಿದವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ.

ಈ ನಾಲ್ಕು ಊರುಗಳೂ ಶಿವನಸಮುದ್ರದ ಕಟ್ಟೆಗಿಂತ ಮೇಲಿರುವುವೆಂಬುದನ್ನು ಗಮನಿಸಬೇಕು. ಶ್ರೀರಂಗನ ಪಾದವನ್ನು ಬಳಸಿ, ಕಪಿಲೆಯನ್ನು ಕೂಡಿಕೊಂಡು, ತಲಕಾಡಿನ ಮರಳನ್ನು ಸವರಿ ಬಂದ ನೀರೇ ತಾತಗುಣಿಯನ್ನು ಹತ್ತಿ ನಮ್ಮ ಕೊಳಾಯಿಗೆ ಬರುವುದು. ಕನ್ನಂಬಾಡಿಯ ನೀರಿನ ಮಟ್ಟ 124.80 ಅಡಿಯನ್ನು ಮುಟ್ಟಿತೇ ಎಂದು ಪತ್ರಿಕೆಯಲ್ಲಿ ನಾವು ಹುಡುಕುವುದು ಇದಕ್ಕಾಗಿಯೇ. ನಗರದ ಮೂರರಲ್ಲಿ ಒಂದು ಪಾಲು ಮಾತ್ರ ಕಾವೇರಿಯ ಕೊಳ್ಳದಲ್ಲಿದೆಯೆಂದು ನ್ಯಾಯಾಧಿಕರಣವು ಎಣಿಸಿತ್ತು. ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿ 16ರಂದು ಇಡೀ ನಗರದ ಬಾಯಾರಿಕೆಯನ್ನು ಗಣನೆಗೆ ತಂದು 4.75 ಟಿ.ಎಂ.ಸಿ. ನೀರನ್ನು ಹೆಚ್ಚಾಗಿ ಕೊಟ್ಟಿತು. ದಡದ ಮೇಲಿಲ್ಲದ ಊರೊಂದು ಹೀಗೆ ದಡದ ಊರುಗಳ ಸಾಲಿಗೆ ಸೇರಿದಂತಾಯಿತು.

ಹಾಗೆ ಸೇರಿದ ಮೇಲೆ ದಡದ ಊರಿನ ಧರ್ಮವೂ ನಮ್ಮದಾಗಬೇಕಲ್ಲವೆ? ಬಸವನಗುಡಿಯ ಆಸುಪಾಸಿನಲ್ಲಿ ಹುಟ್ಟುವ ವೃಷಭಾವತಿಯು ಇಂದು ನಗರದ ಕೊಳಚೆಯನ್ನು ಹೊತ್ತು ಅರ್ಕಾವತಿಗೆ ಸೇರುತ್ತದೆ. ಅರ್ಕಾವತಿಯು ಕನಕಪುರದ ಕೆಳಗೆ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಕುಡಿಯುವ ನೀರಾಗಿ ಏರಿ ಬಂದುದನ್ನು ಕೊಳಚೆಯಾಗಿ ಇಳಿಯಬಿಡುತ್ತಿದ್ದೇವೆ. ತಲಕಾಡಿನಲ್ಲಿ ಮೇಲಿನವರ ಲಾಭದ ಬೆಲೆಯನ್ನು ಕೆಳಗಿನವರು ತೆತ್ತುದನ್ನು ಕಂಡೆವು. ಸಂಗಮದ ಕೆಳಗಿನವರಿಗೆ ಇಂದು ನಾವೇ ಮೇಲಿನವರು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿನ ಮುಂದೆ ಬಿಂದಿಗೆ ಹಿಡಿದು ನಿಂತ ನಗರದ ಜನಕ್ಕೆ ನೀರಿನ ಬೆಲೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಆ ನೀರು ಎಲ್ಲಿಂದ ಬರುತ್ತದೆ, ನಮ್ಮನ್ನು ಬಿಟ್ಟು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಒಮ್ಮೆ ಕಣ್ಣಾರೆ ಕಾಣುವುದು ಮಾತ್ರ ಉಳಿದಿದೆ. ಅದಕ್ಕೆ ಒಂದು ಭಾನುವಾರ ಸಾಕು. ಮಕ್ಕಳನ್ನು ಜೊತೆಯಲ್ಲಿ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.